ಬೆನ್ ಬಿದ್ದ ಮೇಲೆ ಮಗಳು ಮುಂದೆ ನೋಡುತ್ತಿಲ್ಲ: 'ಕ್ಯಾಂಪ್ ಕ್ರಿಟೇಷಿಯಸ್' ನೋಡಿದವರು ಹೇಳಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಹತ್ತು ದಿನದಿಂದ ನಾನೂ ಮಗಳೂ ರಾತ್ರಿ ಊಟ ಮುಗಿಸಿ 'ಜುರಾಸಿಕ್ ವರ್ಲ್ಡ್: ಕ್ಯಾಂಪ್ ಕ್ರಿಟೇಷಿಯಸ್' ಅನ್ನುವ ಅನಿಮೇಷನ್ ಸೀರೀಸ್ ನೋಡುತ್ತಿದ್ದೇವೆ. ಅವಳಿಗೆ ಒಂಬತ್ತು ವರ್ಷ. ದಿನಕ್ಕೆ ಒಂದೇ ಎಪಿಸೋಡ್ ಅಂತ ನಮ್ಮಿಬ್ಬರ ಒಪ್ಪಂದ.

ನೋಡದವರಿಗೆ ಎರಡು ಮಾತು. ನುಬ್ಲಾರ್ ದ್ವೀಪದ ಡೈನೋಸಾರ್ ಪಾರ್ಕಿಗೆ ಡೇರಿಯಸ್, ಬೆನ್, ಕೆಂಜಿ, ಬ್ರೂಕ್ಲಿನ್, ಸ್ಯಾಮಿ, ಯಾಝ್ ಅನ್ನುವ ಆರು ಮಕ್ಕಳು ಶಿಬಿರಕ್ಕೆ ಬರುತ್ತಾರೆ. ಬಂದ ಸ್ವಲ್ಪ ದಿನಕ್ಕೇ ಪ್ರಾಣಿಗಳು ಬೇಲಿ ದಾಟುತ್ತವೆ. ದೊಡ್ಡವರೆಲ್ಲ ಹಡಗು ಹತ್ತಿ ಹೋಗುತ್ತಾರೆ. ಈ ಆರು ಜನ ಅಲ್ಲೇ ಉಳಿಯುತ್ತಾರೆ.

ನಿನ್ನೆ ಮೊದಲ ಸೀಸನ್ನಿನ ಕೊನೆಯ ಎಪಿಸೋಡ್ ಹಾಕಿದ್ದೆ. ಮಕ್ಕಳು ಮಾನೋರೈಲಿನಲ್ಲಿ ಹಡಗುಕಟ್ಟೆ ಕಡೆ ಹೊರಟಿದ್ದಾರೆ. ಹಾರುವ ಟೆರಾನೊಡಾನ್‌ಗಳು ಮೇಲೆ ಬಿದ್ದಿವೆ. ಬೆನ್ ಹೊರಗೆ ನೇತಾಡುತ್ತಿದ್ದಾನೆ, ಡೇರಿಯಸ್ ಅವನ ಕೈ ಹಿಡಿದಿದ್ದಾನೆ. ಕೈ ಜಾರಿತು. ಮಗಳು ಎದ್ದು ಹೋಗಿ ಟಿವಿಯನ್ನೇ ಆಫ್ ಮಾಡಿಬಿಟ್ಟಳು. ಅತ್ತಳು ಕೂಡ. ಬೆನ್ ಅಂದರೆ ಅವಳಿಗೆ ಪ್ರಾಣ, ಯಾಕಂದ್ರೆ ಅವನೂ ಅವಳ ಹಾಗೆ ಎಲ್ಲದಕ್ಕೂ ಹೆದರುವವನು. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಇಲ್ಲದೆ ಹೆಜ್ಜೆ ಇಡದ ಹುಡುಗ.

ಅವಳು ಮಲಗಿದ ಮೇಲೆ ಉಳಿದದ್ದನ್ನು ನಾನೊಬ್ಬಳೇ ನೋಡಿದೆ. ಕೊನೆಯ ನಿಮಿಷದಲ್ಲಿ ಏನಾಗುತ್ತದೆ ಅಂತ ನನಗೀಗ ಗೊತ್ತು. ಅವಳಿಗೆ ಹೇಳಲಾ, ಬೇಡವಾ? ಇವತ್ತು ಬೆಳಿಗ್ಗೆ "ಇನ್ನು ಅದು ಬೇಡಮ್ಮ" ಅಂದಳು.

ರಾತ್ರಿಪಾಳಿ:

ಹೇಳಬೇಡಿ ಮೇಡಂ, ದಯವಿಟ್ಟು. ಆ ಒಂದು ನಿಮಿಷವನ್ನು ಅವಳೇ ತನ್ನ ಕಣ್ಣಾರೆ ನೋಡಬೇಕು.

ಹೊಳೆಬಾಗಿಲು:

ನಾನು ಒಪ್ಪೋದಿಲ್ಲ. ನಮ್ಮ ಮಗ ಇದೇ ಜಾಗದಲ್ಲಿ ನಿಂತಿದ್ದ. ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ಅವನ ತಂದೆ ಪಕ್ಕದಲ್ಲಿ ಕೂರಿಸಿಕೊಂಡು "ಬೆನ್ ಬದುಕಿದ್ದಾನೆ ಕಣೋ" ಅಂತ ಹೇಳಿದ ಮೇಲೆಯೇ ಮಲಗಿದ್ದು. ಕತೆಯ ಮಜಾ ಹೋದರೆ ಹೋಗಲಿ. ಮಗುವಿನ ನಿದ್ದೆ ದೊಡ್ಡದು.

(ಅಯ್ಯೋ, ಇಲ್ಲಿ ಬರೆದೇಬಿಟ್ಟೆ. ಇನ್ನೂ ನೋಡದವರು ಕ್ಷಮಿಸಿ. ಇಲ್ಲಿಂದ ಮುಂದೆ ಓದಬೇಡಿ.)

ಚಿತ್ರಗಾರ:

ನಾನು ಅನಿಮೇಷನ್ ಕೆಲಸದಲ್ಲೇ ಇರುವವನು. ಆ ಕೊನೆಯ ದೃಶ್ಯದ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯಬೇಕು ಅನ್ನಿಸಿತು.

ಬೆನ್ ಕಾಡಿನ ನೆಲದ ಮೇಲೆ ಬಿದ್ದಿದ್ದಾನೆ. ಮಾತೇ ಇಲ್ಲ. ಬಂಪಿ ಬರುತ್ತದೆ. ಅದು ಆಂಕಿಲೋಸಾರಸ್ ಮರಿ, ಬೆನ್ ಸಾಕಿದ್ದು. ಮೂತಿಯಿಂದ ಅವನನ್ನು ಮೆಲ್ಲಗೆ ಮುಟ್ಟುತ್ತದೆ. ಆಮೇಲೆ ಅವನ ಬೆರಳು ಅಲ್ಲಾಡುತ್ತದೆ. ಅಷ್ಟೇ, ಸೀಸನ್ ಮುಗಿಯಿತು. ಬೆರಳು ಅಲ್ಲಾಡಿಸುವುದು ನಮ್ಮ ಕೆಲಸದಲ್ಲಿ ಅತಿ ಚಿಕ್ಕ ಸಂಗತಿ. ಆದರೆ ಹಿಂದಿನ ಎಂಟು ಎಪಿಸೋಡಿನ ಭಾರ ಪೂರ್ತಿ ಆ ಬೆರಳಿನ ಮೇಲೆ ಕೂತಿದೆ.

ಇನ್ನೊಂದು ನೋಡಿ. ಬಂಪಿಯ ಮುಖದ ಕೊಂಬುಗಳು ಎರಡೂ ಕಡೆ ಒಂದೇ ಥರ ಇಲ್ಲ, ಒಂದು ಬದಿ ಸೊಟ್ಟ. ಮರಿಯಾಗಿದ್ದಾಗ ಅದು ಸುಮ್ನೆ ಮುದ್ದಾಗಿ ಕಾಣಲಿ ಅಂತ ಮಾಡಿದ್ದು ಅಂದುಕೊಂಡಿದ್ದೆ. ಎರಡನೇ ಸೀಸನ್ನಿನಲ್ಲಿ ಬಂಪಿ ಬೆಳೆದು ದೊಡ್ಡದಾಗಿ ಬಂದಾಗ ಅರ್ಥವಾಯಿತು. ಮೈ ಪೂರ್ತಿ ಬದಲಾಗಿದೆ, ಬಾಲದ ತುದಿಯಲ್ಲಿ ಗದೆಯಂಥ ಗಂಟು ಬಂದಿದೆ. ಆದರೂ ಆ ಸೊಟ್ಟ ಕೊಂಬು ನೋಡಿದ ಕೂಡಲೇ ಮಗುವಿಗೂ ಗುರುತು ಸಿಗುತ್ತದೆ. ನಮ್ಮ ಮನೆ ಹಸುವನ್ನು ಮಂದೆಯೊಳಗೂ ಕೊಂಬು ನೋಡಿಯೇ ಗುರುತು ಹಿಡಿಯುತ್ತೇವೆ ಅಲ್ವಾ, ಹಾಗೆ. ಸೀರೀಸ್ ತಯಾರಿಸಿದ ಡ್ರೀಮ್‌ವರ್ಕ್ಸ್‌ನವರು ಅದನ್ನು ಮೊದಲೇ ಯೋಚಿಸಿ ಇಟ್ಟಿದ್ದಾರೆ.

ತುಂಗಾತೀರ ಅವರಿಗೆ ನನ್ನ ಸಲಹೆ: ಬಾಯಲ್ಲಿ ಹೇಳಬೇಡಿ, ಎಪಿಸೋಡ್ ಪೂರ್ತಿ ಮತ್ತೆ ತೋರಿಸುವುದೂ ಬೇಡ. ಆ ಕೊನೆಯ ನಿಮಿಷ ಮಾತ್ರ ಹಾಕಿ ತೋರಿಸಿ.

ತುಂಗಾತೀರ:

ಇದು ನನಗೆ ಹೊಳೆದೇ ಇರಲಿಲ್ಲ ಸರ್. ಧನ್ಯವಾದ. ಶನಿವಾರ ಪ್ರಯತ್ನ ಮಾಡುತ್ತೇನೆ.

ಕಾಡಂಚು:

ಸೀರೀಸ್ ನನಗೂ ತುಂಬ ಇಷ್ಟ. ಇದನ್ನು ರಾಕ್ಷಸರ ದ್ವೀಪ ಅಂತ ಕರೆಯುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: ಇಲ್ಲಿರುವುದು ಪ್ರಾಣಿಗಳು. ಹಸಿವಾದರೆ ಬೇಟೆ ಆಡುತ್ತವೆ, ಮರಿ ಇದ್ದರೆ ಕಾಯುತ್ತವೆ, ತಮ್ಮ ಜಾಗಕ್ಕೆ ಯಾರಾದರೂ ಕಾಲಿಟ್ಟರೆ ಓಡಿಸುತ್ತವೆ. ಈ ಮಕ್ಕಳು ಬದುಕಿ ಉಳಿದದ್ದು ಜಗಳ ಆಡಿ ಗೆದ್ದಿದ್ದರಿಂದ ಅಲ್ಲ. ಯಾವ ಪ್ರಾಣಿ ಎಲ್ಲಿ ಓಡಾಡುತ್ತದೆ, ಯಾವಾಗ ಮಲಗುತ್ತದೆ, ಏನು ಕೇಳಿದರೆ ಹೆದರುತ್ತದೆ ಅಂತ ಡೇರಿಯಸ್‌ಗೆ ಗೊತ್ತಿತ್ತು. ಅಪ್ಪನ ಜೊತೆ ಕೂತು ಕಲಿತದ್ದು ಅದು. ಆ ಅಪ್ಪ ಈಗ ಇಲ್ಲ. ಹುಡುಗ ಡೈನೋಸಾರ್ ಬಗ್ಗೆ ಮಾತಾಡುವಾಗೆಲ್ಲ ನನಗೆ ಅವನ ಅಪ್ಪ ಪಕ್ಕದಲ್ಲಿ ನಿಂತ ಹಾಗೆ ಕಾಣುತ್ತದೆ.

ಎರಡನೇ ಸೀಸನ್ನಿನಲ್ಲಿ ಒಂದು ನೀರಿನ ತಾಣ ಸಿಗುತ್ತದೆ. ಹುಲ್ಲು ತಿನ್ನುವವು, ಮಾಂಸ ತಿನ್ನುವವು, ಎಲ್ಲ ಒಂದೇ ಕಡೆ ಬಂದು ನೀರು ಕುಡಿಯುತ್ತವೆ. ಯಾವುದೂ ಯಾವುದರ ತಂಟೆಗೂ ಹೋಗುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ನಾಗರಹೊಳೆ ಹತ್ತಿರ. ಬೇಸಿಗೆಯಲ್ಲಿ ಕಾಡಿನ ಕೆರೆ ಹೇಗಿರುತ್ತದೆ ಅಂತ ನೋಡಿದ್ದೇನೆ. ಜಿಂಕೆ ನೀರಿಗೆ ಬಾಯಿಡುವ ಮೊದಲು ಹತ್ತು ಸಲ ತಲೆ ಎತ್ತಿ ನೋಡುತ್ತದೆ. ಆನೆ ಬಂದರೆ ಉಳಿದವು ಜಾಗ ಬಿಡುತ್ತವೆ. ಹುಲಿಗೆ ನೀರಿನ ಹತ್ತಿರವೇ ಬೇಟೆ ಸುಲಭ. ಹಾಗಾಗಿ ಅಷ್ಟು ಶಾಂತಿಯ ಕೆರೆ ನಿಜವಾದ ಕಾಡಿನಲ್ಲಿ ಇರುವುದಿಲ್ಲ. ಆದರೆ ಆ ಜಾಗವನ್ನು ಯಾಕೆ ಹಾಗೆ ಮಾಡಿದರು ಅಂತ ಆಮೇಲೆ ತಿಳಿಯುತ್ತದೆ. ಮಿಚ್ ಮತ್ತು ಟಿಫ್ ಅನ್ನುವ ಗಂಡ ಹೆಂಡತಿ, ಪ್ರವಾಸಿಗಳ ಥರ ನಾಟಕ ಮಾಡಿಕೊಂಡು ಬಂದ ಬೇಟೆಗಾರರು. ಅವರು ಮಕ್ಕಳ ಹತ್ತಿರ ಸಿಹಿಯಾಗಿ ಮಾತಾಡಿ ಕೇಳುವುದು ಆ ನೀರಿನ ಜಾಗ ಎಲ್ಲಿದೆ ಅಂತಲೇ. ಹೊರಗಿಂದ ನೆರವು ಬಂತು ಅಂತ ಮಕ್ಕಳು ಎಷ್ಟು ಖುಷಿಪಟ್ಟಿದ್ದರು! ಆ ಖುಷಿಯನ್ನೇ ಅವರು ಬಳಸಿಕೊಂಡರು. ಬೇರೆ ಯಾವ ಸೀಸನ್ನಿನಲ್ಲೂ ನನಗೆ ಅಷ್ಟು ಸಿಟ್ಟು ಬಂದಿಲ್ಲ.

ಹೊಳೆಬಾಗಿಲು:

ಹೌದು, ಆ ಟಿಫ್ ಊಟ ಕೊಟ್ಟು ನಗುನಗುತ್ತಾ ಮಾತಾಡಿಸುವಾಗ ನನಗೂ ಅನುಮಾನ ಬಂದಿರಲಿಲ್ಲ. ನಮ್ಮ ಮಗ ಮೊದಲೇ "ಅಮ್ಮ, ಇವರು ಒಳ್ಳೆಯವರಲ್ಲ" ಅಂದ. ಹೇಗೆ ಗೊತ್ತಾಯಿತೋ ಅಂದರೆ, "ಅವರು ಪ್ರಾಣಿಗಳ ಹೆಸರು ಕೇಳೋದಿಲ್ಲ, ಎಲ್ಲಿವೆ ಅಂತ ಮಾತ್ರ ಕೇಳ್ತಾರೆ" ಅಂದ.

ಕಲ್ಲುಮಣ್ಣು:

ನಾನು ಪಾಠ ಮಾಡುವುದು ಭೂವಿಜ್ಞಾನ. ನಮ್ಮ ವಿದ್ಯಾರ್ಥಿಗಳು ಈ ಸೀರೀಸ್ ನೋಡಿಕೊಂಡು ಬಂದು ಪ್ರಶ್ನೆ ಕೇಳುತ್ತಾರೆ, ಅದಕ್ಕೇ ನಾನೂ ಪೂರ್ತಿ 49 ಎಪಿಸೋಡ್ ನೋಡಿ ಮುಗಿಸಿದೆ. ಮಕ್ಕಳಿಗೆ ಹೇಳಲು ಕೆಲವು ವಿಷಯ ಉಪಯೋಗವಾಗಬಹುದು.

ಮಕ್ಕಳ ಬೆನ್ನು ಹತ್ತುವ ಟೋರೊ ಒಂದು ಕಾರ್ನೋಟಾರಸ್. ಹೆಸರಿನ ಅರ್ಥ 'ಮಾಂಸ ತಿನ್ನುವ ಗೂಳಿ'. ಕಣ್ಣಿನ ಮೇಲೆ ಎರಡು ಕೊಂಬು ಇರುವುದರಿಂದ ಆ ಹೆಸರು. ಸ್ಪ್ಯಾನಿಷ್‌ನಲ್ಲಿ ಟೋರೊ ಅಂದರೂ ಗೂಳಿಯೇ. ಇದರ ಅಸ್ಥಿಪಂಜರ ಸಿಕ್ಕಿದ್ದು ಅರ್ಜೆಂಟೀನಾದಲ್ಲಿ. 1985ರಲ್ಲಿ ಹೊಸೆ ಬೊನಾಪಾರ್ಟೆ ಅದಕ್ಕೆ ಹೆಸರಿಟ್ಟರು. ಚರ್ಮದ ಅಚ್ಚು ಕೂಡ ಕಲ್ಲಿನಲ್ಲಿ ಉಳಿದಿತ್ತು. ಮುಂಗೈ ಎಷ್ಟು ಚಿಕ್ಕದು ಅಂದರೆ ಟಿ. ರೆಕ್ಸ್‌ನ ಕೈಯೇ ವಾಸಿ.

ಈಗ ನಮಗೆ ಹತ್ತಿರದ ವಿಷಯ. ಟೋರೊಗೆ ಭಾರತದಲ್ಲಿ ಒಬ್ಬ ದಾಯಾದಿ ಇದ್ದಾನೆ. ಗುಜರಾತಿನ ಬಾಲಾಸಿನೋರ್ ಹತ್ತಿರ ರೈಯೋಲಿಯಲ್ಲಿ ಸಿಕ್ಕ ರಾಜಾಸಾರಸ್. 2003ರಲ್ಲಿ ಹೆಸರಿಟ್ಟರು. ಎರಡೂ ಒಂದೇ ಕುಟುಂಬದ ಪ್ರಾಣಿಗಳು. ಒಂದು ದಕ್ಷಿಣ ಅಮೆರಿಕದಲ್ಲಿ, ಇನ್ನೊಂದು ನಮ್ಮಲ್ಲಿ ಹೇಗೆ ಅಂದರೆ, ಆ ಭೂಭಾಗಗಳೆಲ್ಲ ಹಿಂದೆ ಒಂದಕ್ಕೊಂದು ಅಂಟಿಕೊಂಡಿದ್ದವು. ಗೊಂಡ್ವಾನ ಅಂತ ಪಾಠದಲ್ಲಿ ಓದಿರುತ್ತೀರಿ.

ಹಾರುವ ಟೆರಾನೊಡಾನ್ ಡೈನೋಸಾರ್ ಅಲ್ಲ. ನೀರಿನಲ್ಲಿರುವ ಮೋಸಾಸಾರಸ್ ಕೂಡ ಅಲ್ಲ. ಅದು ಹಲ್ಲಿ, ಹಾವುಗಳ ಕಡೆಯ ನೆಂಟ. ಮೊದಲ ಸೀಸನ್ನಿನಲ್ಲಿ ರಾತ್ರಿ ಹೊತ್ತು ಹೊಳೆಯುವ ಪ್ಯಾರಾಸಾರೊಲೋಫಸ್ ಇದೆಯಲ್ಲ, ಆ ಬೆಳಕು ಕತೆಗಾರರ ಕಲ್ಪನೆ. ಆದರೆ ತಲೆಯ ಮೇಲಿನ ಆ ಉದ್ದದ ಕೋಡು ಒಳಗೆ ಟೊಳ್ಳು ಇದ್ದದ್ದು ನಿಜ. ಅದರಿಂದ ಕಹಳೆ ಊದಿದ ಹಾಗೆ ಸದ್ದು ಮಾಡುತ್ತಿದ್ದಿರಬೇಕು ಅಂತ ವಿಜ್ಞಾನಿಗಳು ಹೇಳುತ್ತಾರೆ.

ತುಂಗಾತೀರ:

ಸರ್, ಮಗಳು ಹೋದ ವಾರ ಕೇಳಿದ್ದಳು: "ನಮ್ಮೂರಲ್ಲೂ ಡೈನೋಸಾರ್ ಇತ್ತಾ?" ನಾವಿರುವುದು ಶಿವಮೊಗ್ಗ. ಏನು ಹೇಳಲಿ?

ಕಲ್ಲುಮಣ್ಣು:

ಒಳ್ಳೆಯ ಪ್ರಶ್ನೆ ಮೇಡಂ. ಪ್ರಾಣಿಯ ಮೂಳೆ ಕಲ್ಲಾಗಿ ಉಳಿಯಬೇಕಾದರೆ ಅದರ ಕಾಲದಲ್ಲೇ ಮಣ್ಣು, ಮರಳು ಪದರ ಪದರವಾಗಿ ಕೂತಿರಬೇಕು. ನಿಮ್ಮ ಕಡೆಯ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಡೈನೋಸಾರ್ ಬರುವ ಎಷ್ಟೋ ಮೊದಲೇ ತಯಾರಾದ ಕಲ್ಲು. ಬೆಳಗಾವಿ, ವಿಜಯಪುರದ ಕಡೆ ಕಪ್ಪು ಕಲ್ಲು ಇದೆಯಲ್ಲ, ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಡೈನೋಸಾರ್‌ಗಳ ಕಾಲ ಮುಗಿದದ್ದೂ ಹೆಚ್ಚು ಕಡಿಮೆ ಆಗಲೇ. ಮಗಳಿಗೆ ಹೀಗೆ ಹೇಳಿ: ಅವು ನಮ್ಮ ನೆಲದ ಮೇಲೂ ಓಡಾಡಿರಬಹುದು, ಆದರೆ ಹೆಜ್ಜೆ ಉಳಿಸಿಕೊಳ್ಳುವ ಮಣ್ಣು ನಮ್ಮಲ್ಲಿ ಉಳಿದಿಲ್ಲ.

ರಾತ್ರಿಪಾಳಿ:

ಕಾಡಂಚು ಅವರೇ, ಪ್ರಾಣಿಗಳು ರಾಕ್ಷಸರಲ್ಲ ಅಂದಿರಿ. ಆದರೆ ಮೂರನೇ ಸೀಸನ್ನಿನ ಸ್ಕಾರ್ಪಿಯೋಸ್ ರೆಕ್ಸ್? ಅದನ್ನು ಏನಂತ ಕರೆಯುತ್ತೀರಿ?

ಕಾಡಂಚು:

ಅದನ್ನು ರಾಕ್ಷಸ ಅಂತಲೇ ಕರೆಯುತ್ತೇನೆ. ಆದರೆ ಅದು ಹುಟ್ಟಿದ್ದು ಕಾಡಿನಲ್ಲಲ್ಲ, ಪಾರ್ಕಿನ ವಿಜ್ಞಾನಿ ಡಾಕ್ಟರ್ ವೂ ಅವರ ಲ್ಯಾಬಿನಲ್ಲಿ. ಆ ಪಾರ್ಕಿನ ಮೊದಲ ಬೆರಕೆ ತಳಿ. ಕೈಕಾಲು ವಾಲಿಕೊಂಡು, ಮೈಯೆಲ್ಲ ವಿಷದ ಮುಳ್ಳು. ಹಸಿವಿಲ್ಲದಿದ್ದರೂ ಕೊಲ್ಲುತ್ತದೆ. ಅದು ಹೊರಗೆ ಬಂದ ಮೇಲೆ ದ್ವೀಪದ ಉಳಿದ ಡೈನೋಸಾರ್‌ಗಳೇ ದಿಕ್ಕು ಕೆಟ್ಟು ಓಡುತ್ತವೆ. ಅಷ್ಟು ದಿನ ಮಕ್ಕಳು ಕಲಿತಿದ್ದ ಯಾವ ಲೆಕ್ಕವೂ ಅದರ ಮುಂದೆ ನಡೆಯುವುದಿಲ್ಲ, ಯಾಕಂದ್ರೆ ಅದಕ್ಕೆ ಕಾಡಿನ ನಡವಳಿಕೆಯೇ ಇಲ್ಲ. ಸ್ಯಾಮಿಗೆ ಅದರ ಮುಳ್ಳು ತಾಗಿ ವಿಷ ಏರುತ್ತದೆ. ಯಾಝ್ ಔಷಧಿಗಾಗಿ ಓಡುತ್ತಾಳೆ. ಮೊದಲ ಸೀಸನ್ನಿನಲ್ಲಿ ಆ ಓಟಗಾರ್ತಿ ಹುಡುಗಿ ಯಾರ ಜೊತೆಗೂ ಸೇರದೆ ತನ್ನ ಪಾಡಿಗೆ ತಾನು ಇದ್ದವಳು. ಈಗ ಗೆಳತಿಗೋಸ್ಕರ ಓಡುತ್ತಿದ್ದಾಳೆ. ಅಲ್ಲಿ ನನ್ನ ಉಸಿರೂ ಕಟ್ಟಿತ್ತು.

ಬೇವಿನಮರ:

ಸ್ಯಾಮಿ ಮತ್ತು ಯಾಝ್ ಬಗ್ಗೆ ಯಾರಾದರೂ ಬರೆಯಲಿ ಅಂತಲೇ ಕಾಯುತ್ತಿದ್ದೆ. ಮೊದಲ ಸೀಸನ್ ನೆನಪಿಸಿಕೊಳ್ಳಿ. ಬ್ರೂಕ್ಲಿನ್‌ಳ ಫೋನ್ ಕಳೆದು ಹೋಗುತ್ತದೆ. ಎಲ್ಲರನ್ನೂ ನಗಿಸುತ್ತಾ, ತಬ್ಬಿಕೊಳ್ಳುತ್ತಾ ಇದ್ದ ಸ್ಯಾಮಿಯೇ ತೆಗೆದುಕೊಂಡಿದ್ದಳು ಅಂತ ಆಮೇಲೆ ಗೊತ್ತಾಗುತ್ತದೆ. ಅವಳ ಮನೆಯವರದು ದನ ಸಾಕುವ ಕಸುಬು. ಸಾಲ ಇದೆ. ಆ ಸಾಲ ಹಿಡಿದುಕೊಂಡು ಮ್ಯಾಂಟಾ ಕಾರ್ಪ್ ಕಂಪನಿ ಅವಳನ್ನು ಗೂಢಚಾರಿ ಮಾಡಿ ಕಳಿಸಿತ್ತು. ಸಾಲ ಇರುವ ಮನೆಯಲ್ಲಿ ಬೆಳೆದ ಮಗುವಿಗೆ ಅದು ಹೇಗಿರುತ್ತದೆ ಅಂತ ನನಗೆ ಗೊತ್ತು. ದೊಡ್ಡವರು ಬಾಗಿಲು ಹಾಕಿಕೊಂಡು ಮಾತಾಡುವುದು, ಯಾರಾದರೂ ಗೇಟು ತಟ್ಟಿದರೆ ಅಮ್ಮನ ಮುಖ ಬದಲಾಗುವುದು. ಸ್ಯಾಮಿ ಜಾಸ್ತಿ ನಗುವುದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಯಾಝ್ ಅವಳನ್ನು ಕ್ಷಮಿಸುವುದಕ್ಕೆ ಸಮಯ ತೆಗೆದುಕೊಳ್ಳುತ್ತಾಳೆ, ಅದೂ ಸರಿಯಾಗಿದೆ. ಅಲ್ಲಿಂದ ಶುರುವಾದ ಇವರ ಸ್ನೇಹ ಐದನೇ ಸೀಸನ್ನಿನಲ್ಲಿ ಪ್ರೀತಿಯಾಗಿ ಬೆಳೆಯುತ್ತದೆ. ಮಕ್ಕಳ ಸೀರೀಸಿನಲ್ಲಿ ಇಬ್ಬರು ಹುಡುಗಿಯರ ಪ್ರೀತಿಯನ್ನು ಅಷ್ಟು ಸಹಜವಾಗಿ ತೋರಿಸಿದ್ದು ನೋಡಿ ನನ್ನ ಕಣ್ಣು ತುಂಬಿತ್ತು.

ಹಳೇಸೇತುವೆ:

ಎಲ್ಲರೂ ಹೊಗಳುತ್ತಿದ್ದೀರಿ. ನನಗೂ ಮೊದಲ ಮೂರು ಸೀಸನ್ ಪ್ರಾಣ. ಆದರೆ ನಾಲ್ಕನೇದು ನನಗೆ ಹಿಡಿಸಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಶುರುವಾಗಿ 2021ರ ಮೇ ಹೊತ್ತಿಗೆ ಮೂರು ಸೀಸನ್ ಬಂದವು. ನುಬ್ಲಾರ್ ದ್ವೀಪದ ಪ್ರತಿ ಮೂಲೆ ನಮಗೆ ಪರಿಚಯವಾಗಿತ್ತು. ಮಕ್ಕಳು ಮರದ ಮೇಲೆ ಕಟ್ಟಿಕೊಂಡ ಮನೆ, ಖಾಲಿ ಬಿದ್ದ ಅಂಗಡಿ ಬೀದಿ, ಕೆಂಜಿಯ ಅಪ್ಪನ ಐಷಾರಾಮಿ ಮನೆ. ಬೆನ್ ಬಂಪಿಗೆ ವಿದಾಯ ಹೇಳಿ ದೋಣಿ ಹತ್ತಿದಾಗ ಕತೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆಮೇಲೆ ಇನ್ನೊಂದು ದ್ವೀಪ. ಅಲ್ಲಿ ಒಂದು ಕಡೆ ಹಿಮ, ಒಂದು ಕಡೆ ಮರುಭೂಮಿ. ಕತ್ತಿಹಲ್ಲಿನ ಬೆಕ್ಕು, ಕಾವಲಿಗೆ ಯಂತ್ರಮಾನವರು. ಬದುಕಿ ಉಳಿಯುವ ಕತೆ ಹೋಗಿ ಬೇರೇನೋ ಆಯಿತು. ಗುಡುಗು ಬಂದರೆ ಏನು ಮಾಡುವುದು, ನೀರು ಎಲ್ಲಿಂದ ತರುವುದು ಅನ್ನುವ ಚಿಕ್ಕ ಚಿಕ್ಕ ಕಷ್ಟಗಳೇ ನನಗೆ ಬೇಕಾಗಿದ್ದವು.

ರಾತ್ರಿಪಾಳಿ:

ಯಂತ್ರಮಾನವರ ವಿಷಯ ಒಪ್ಪುತ್ತೇನೆ. ಅವು ಬಂದಾಗ ಭಯ ಕಡಿಮೆಯಾಗುತ್ತದೆ, ಲೋಹದ ತುಂಡು ಮುರಿದರೆ ಯಾರಿಗೂ ನೋವಿಲ್ಲ. ಆದರೆ ನಾಲ್ಕನೇ ಸೀಸನ್ ಇಲ್ಲದಿದ್ದರೆ ಕೆಂಜಿಯ ಕತೆ ಇಲ್ಲ. ನನ್ನ ಪ್ರಕಾರ ಇಡೀ ಸೀರೀಸಿನ ಅತಿ ನೋವಿನ ಭಾಗ ಅದು.

ಮೊದಲಿಗೆ ಕೆಂಜಿ ಬರೀ ಜಂಬದ ಹುಡುಗ. ನಾನು ವಿಐಪಿ, ನಮ್ಮಪ್ಪನಿಗೆ ಇಲ್ಲಿ ಮನೆ ಇದೆ, ಈ ದ್ವೀಪವೆಲ್ಲ ನನಗೆ ಗೊತ್ತು. ಎಲ್ಲ ಗೊತ್ತಿರುವುದು ಯಾಕೆ ಅಂದರೆ, ಅವನನ್ನು ಇಲ್ಲಿ ಎಷ್ಟೋ ಸಲ ತಂದು ಬಿಟ್ಟಿದ್ದರು, ಅಪ್ಪನಿಗೆ ಜೊತೆ ಇರಲು ಪುರುಸೊತ್ತಿರಲಿಲ್ಲ. ಐದನೇ ಸೀಸನ್ನಿನಲ್ಲಿ ಆ ಅಪ್ಪ ಎದುರಿಗೇ ಬರುತ್ತಾನೆ. ಮ್ಯಾಂಟಾ ಕಾರ್ಪ್‌ನ ಹಿಂದೆ ಇರುವವನು ಅವನೇ. ಡೈನೋಸಾರ್‌ಗಳಿಗೆ ಚಿಪ್ ಹಾಕಿ ತಾನು ಹೇಳಿದಂತೆ ಕುಣಿಸುವ ವ್ಯಾಪಾರ. ಅವನು ಮಗನ ಹೆಗಲ ಮೇಲೆ ಕೈ ಹಾಕಿದಾಗ ಕೆಂಜಿ ಕರಗಿ ಹೋಗುತ್ತಾನೆ, ಗೆಳೆಯರನ್ನು ಬಿಟ್ಟು ಅಪ್ಪನ ಕಡೆ ನಿಲ್ಲುತ್ತಾನೆ. ನನಗೆ ಅವನ ಮೇಲೆ ಕೋಪ ಬರಲಿಲ್ಲ. ಹದಿನೈದು ವರ್ಷ ಕಾದ ಮಗು ಅದು. ಆ ಪ್ರೀತಿಗೂ ಅಪ್ಪ ಒಂದು ಬೆಲೆ ಇಟ್ಟಿದ್ದಾನೆ ಅಂತ ಅವನಿಗೆ ನಿಧಾನಕ್ಕೆ ತಿಳಿಯುತ್ತದೆ. ಕೊನೆಗೆ ಅವನು ಗೆಳೆಯರ ಕಡೆಗೇ ಬರುತ್ತಾನೆ. ಆದರೆ ಬರುವ ದಾರಿಯಲ್ಲಿ ಅವನು ಬಿಟ್ಟು ಬಂದದ್ದು ಏನು ಅಂತ ಆ ಮುಖದಲ್ಲಿ ಕಾಣುತ್ತದೆ.

ಹಳೇಸೇತುವೆ:

ಈ ಕಣ್ಣಿನಿಂದ ನಾನು ನೋಡಿರಲಿಲ್ಲ. ಐದನೇದನ್ನು ಇನ್ನೊಮ್ಮೆ ನೋಡುತ್ತೇನೆ. ನಾಲ್ಕನೇದರ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಅದೇ.

ಬೇವಿನಮರ:

ಬ್ರೂಕ್ಲಿನ್‌ಗೆ ದನಿ ಕೊಟ್ಟದ್ದು ಜೆನ್ನಾ ಒರ್ಟೆಗಾ ಅಂತ ಎಷ್ಟು ಜನರಿಗೆ ಗೊತ್ತು? ಮೊದಲು ಸುಮ್ನೆ ವಿಡಿಯೋ ಮಾಡುವ ಹುಡುಗಿ, ಆಮೇಲೆ ಎಲ್ಲ ರಹಸ್ಯ ಬಿಡಿಸುವವಳು. ದನಿ ಕೂಡ ಹಾಗೇ ಬದಲಾಗುತ್ತಾ ಹೋಗುತ್ತದೆ. 2024ರಲ್ಲಿ ಶುರುವಾದ ಮುಂದಿನ ಕತೆ 'ಕೇಯಾಸ್ ಥಿಯರಿ' ನೋಡುವವರು ಈ ಐದು ಸೀಸನ್ ಮುಗಿಸಿಯೇ ನೋಡಿ. ಅದು ಸ್ವಲ್ಪ ದೊಡ್ಡ ಮಕ್ಕಳಿಗೆ. ಒಂಬತ್ತು ವರ್ಷದವರಿಗೆ ಈಗಲೇ ಬೇಡ.

ಹೊಳೆಬಾಗಿಲು:

ತುಂಗಾತೀರ ಅವರೇ, ನೀವು ಯಾವ ಭಾಷೆಯಲ್ಲಿ ನೋಡುತ್ತೀರಿ? ನಾವು ಇಂಗ್ಲಿಷ್‌ನಲ್ಲೇ ಹಾಕಿ, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ.

ತುಂಗಾತೀರ:

ನಾವೂ ಹಾಗೇ. ಈಗ ಅವಳೇ ಹೆಸರುಗಳನ್ನು ಇಟ್ಟಿದ್ದಾಳೆ. ಗುಂಪಾಗಿ ಬರುವ ಆ ಚಿಕ್ಕ ಕಾಂಪಿಗಳಿಗೆ 'ಕಳ್ಳಕೋಳಿಗಳು'. ಟೋರೊಗೆ 'ಹೋರಿ'. ಕಲ್ಲುಮಣ್ಣು ಸರ್ ಹೆಸರಿನ ಅರ್ಥ ಬರೆದದ್ದು ಓದಿ ಹೇಳಿದೆ, ತಾನು ಸರಿಯಾಗೇ ಇಟ್ಟಿದ್ದೆ ಅಂತ ಮನೆಯೆಲ್ಲ ಕುಣಿದಳು.

ಕಲ್ಲುಮಣ್ಣು:

ಕಳ್ಳಕೋಳಿ ಕೂಡ ಸರಿಯಾಗೇ ಇದೆ ಮೇಡಂ. ಜರ್ಮನಿಯಲ್ಲಿ ಸಿಕ್ಕ ಕಾಂಪ್ಸೊಗ್ನಾತಸ್ ಹೆಚ್ಚು ಕಡಿಮೆ ಕೋಳಿ ಗಾತ್ರದ್ದೇ.

ತುಂಗಾತೀರ:

ಶನಿವಾರದ ವರದಿ ಬರೆಯುತ್ತಿದ್ದೇನೆ. ಸ್ವಲ್ಪ ತಡವಾಯಿತು.

ಮಧ್ಯಾಹ್ನ ಅವಳು ನೆಲದ ಮೇಲೆ ಬಣ್ಣದ ಪೆನ್ಸಿಲ್ ಹರಡಿಕೊಂಡು ಕೂತಿದ್ದಳು. "ಒಂದೇ ನಿಮಿಷ ನೋಡು, ಆಮೇಲೆ ಬೇಡ ಅಂದರೆ ಬೇಡ" ಅಂದೆ. ಕೊನೆಯ ಭಾಗ ಮೊದಲೇ ಹುಡುಕಿ ಇಟ್ಟಿದ್ದೆ. ಬೆನ್ ಬಿದ್ದಿರುವುದು ಕಂಡ ಕೂಡಲೇ ನನ್ನ ಸೆರಗು ಎಳೆದುಕೊಂಡು ಕಣ್ಣು ಮುಚ್ಚಿಕೊಂಡಳು. ನಾನು ಏನೂ ಹೇಳಲಿಲ್ಲ. ಬಂಪಿಯ ಸದ್ದು ಕೇಳಿಸಿತು. ಸೆರಗಿನ ಸಂದಿಯಿಂದ ಒಂದು ಕಣ್ಣು ಹೊರಗೆ ಬಂತು. ಬೆರಳು ಅಲ್ಲಾಡಿತು. "ಅಮ್ಮ, ಕೈ! ಕೈ ನೋಡು!" ಅಂತ ಕೂಗಿದಳು, ಪಕ್ಕದ ಮನೆಯವರು ಏನಾಯಿತು ಅಂತ ಕೇಳುವಷ್ಟು ಜೋರಾಗಿ. ನಾಲ್ಕು ಸಲ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು.

ಆಮೇಲೆ ನಾನು ನಿರೀಕ್ಷೆ ಮಾಡದ ಪ್ರಶ್ನೆ ಕೇಳಿದಳು. "ಡೇರಿಯಸ್‌ಗೆ ಗೊತ್ತಾ, ಬೆನ್ ಬದುಕಿದ್ದಾನೆ ಅಂತ?" ಇಲ್ಲ ಅಂದೆ. "ಪಾಪ, ಅವನೇ ಕೈ ಬಿಟ್ಟೆ ಅಂದುಕೊಂಡಿರ್ತಾನೆ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಗ ಎರಡನೇ ಸೀಸನ್ ಹಾಕು, ಅವನಿಗೆ ಗೊತ್ತಾಗಬೇಕು" ಅಂದಳು.

ದಿನಕ್ಕೆ ಒಂದೇ ಅನ್ನುವ ಒಪ್ಪಂದ ಆ ದಿನ ಮುರಿಯಿತು. ಮೂರು ನೋಡಿದೆವು.